ಮಾತ್ರೆ ನುಂಗಿಯೂ ಸಾಕ್ಷಿ ಹೇಳಬಹುದು: ಕೊಡಗಿನ ಪೆಂತೆಕೋಸ್ತು ಸಭೆಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಕೊಡಗಿನ ಪೆಂತೆಕೋಸ್ತು ಸಭೆಗಳ, ಅಂದರೆ ಪವಿತ್ರಾತ್ಮನ ವರ, ಪ್ರಾರ್ಥನೆಯಿಂದ ರೋಗ ವಾಸಿ ಇವನ್ನೆಲ್ಲ ನಂಬುವ ಕ್ರೈಸ್ತ ಸಭೆಗಳ ಪಾಸ್ಟರ್‌ಗಳಿಗೆ ಮತ್ತು ಸಭಾಹಿರಿಯರಿಗೆ ನಮಸ್ಕಾರ.

ನಿಮ್ಮಲ್ಲಿ ಕೆಲವರಿಗೆ ನನ್ನ ಪರಿಚಯ ಇದೆ. ಸಿದ್ದಾಪುರದ ಆಚೆ ಒಂದು ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದೆ. ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಕೊಯ್ಲಿನ ಕಾಲದಲ್ಲಿ ಚೀಲ ತೂಗುವುದು, ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಯಲ್ಲಿ ಜಗಳವಾದರೆ ರಾತ್ರಿ ಟಾರ್ಚ್ ಹಿಡಿದು ಹೋಗುವುದು. ಇಷ್ಟೇ ನನ್ನ ಕೆಲಸ. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಮನೆಮಾತು ಅರೆಭಾಷೆ. ಮನೆದೇವರ ಮೇಲೆ ನನಗೆ ಯಾವ ತಕರಾರೂ ಇಲ್ಲ, ನಿಮ್ಮ ಸಭೆಗೆ ಸೇರುವ ಯೋಚನೆಯೂ ಇಲ್ಲ. ನಿಮ್ಮಲ್ಲೊಬ್ಬರು ಇಪ್ಪತ್ತು ವರ್ಷದಿಂದ ನನಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ. ಅವರು ಆಸೆ ಇಟ್ಟುಕೊಂಡು ಓದುವುದು ಬೇಡ ಅಂತ ಇದನ್ನು ಮೊದಲೇ ಹೇಳಿಬಿಟ್ಟೆ.

ಈ ಪತ್ರ ನಿಮಗೇ. ಜಿಲ್ಲಾಧಿಕಾರಿಗೆ ಅಲ್ಲ, ಪೊಲೀಸರಿಗೂ ಅಲ್ಲ. ಮತ್ತೆ ಊರಿಗೆಲ್ಲ ಕಾಣುವ ಹಾಗೆ ಯಾಕೆ ಬರೆದಿರಿ ಅಂತ ಕೇಳಬಹುದು. ಪ್ರಾರ್ಥನೆಯಲ್ಲಿ ಸ್ವಸ್ಥ ಆಯ್ತು ಅಂತ ರೋಗಿಗಳು ಮಾತ್ರೆ ಬಿಡುತ್ತಿದ್ದಾರೆ, ಅದನ್ನು ತಡೆಯಿರಿ ಅಂತ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿ ನೋಡಿದ್ದೇನೆ. "ನಮ್ಮ ಸಭೆಯಲ್ಲಿ ಹಾಗಿಲ್ಲ ರೈಟರೇ, ಅದು ಬೇರೆಯವರು" ಅಂದರು. ಆ ಬೇರೆಯವರ ಹತ್ತಿರ ಹೋದೆ. ಅವರೂ ಅದನ್ನೇ ಅಂದರು.

ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನೀವು ಸಾಕ್ಷಿ ಅನ್ನುತ್ತೀರಿ. ಮೊದಲು ನಿಮ್ಮ ಪರವಾಗಿ ನಾನೇ ಸಾಕ್ಷಿ ಹೇಳುತ್ತೇನೆ. ನನ್ನ ಸಾಕ್ಷಿ ಅಡ್ವಾನ್ಸ್ ಪುಸ್ತಕದ್ದು.

ತೋಟದ ಕಚೇರಿಯಲ್ಲಿ ಚೆಕ್‌ರೋಲ್‌ನ ಪಕ್ಕ ಇನ್ನೊಂದು ಉದ್ದನೆಯ ಪುಸ್ತಕ ಇರುತ್ತದೆ. ಯಾರು ಎಷ್ಟು ಮುಂಗಡ ಪಡೆದರು, ಎಷ್ಟು ಮುರಿದುಕೊಂಡೆವು ಅನ್ನುವ ಲೆಕ್ಕ ಅದು. ಲೈನಿನ ಸಂಸಾರಗಳ ಕಥೆಯೆಲ್ಲ ಅದರಲ್ಲೇ ಇತ್ತು. ಮಗುವಿನ ನಾಮಕರಣಕ್ಕೆ ಇಷ್ಟು, ಊರಿಗೆ ಹೋಗಲಿಕ್ಕೆ ಇಷ್ಟು, "ಖರ್ಚಿಗೆ" ಇಷ್ಟು. ಖರ್ಚಿಗೆ ಅಂದರೆ ಕುಡಿತಕ್ಕೆ. ಬರೆಯುವ ನನಗೂ ಗೊತ್ತು, ಹೆಬ್ಬೆಟ್ಟು ಒತ್ತುವವನಿಗೂ ಗೊತ್ತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತಲ್ಲ, ಆ ವರ್ಷ ಈ ಪುಸ್ತಕ ಸ್ವಲ್ಪ ಹಗುರಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಸಾರಾಯಿಯ ಜಾಗಕ್ಕೆ ಅಂಗಡಿಯ ಅಗ್ಗದ ವಿಸ್ಕಿ ಬಂತು. ಅದಕ್ಕೆ ದುಡ್ಡು ಜಾಸ್ತಿ, ಹಾಗಾಗಿ ಅಡ್ವಾನ್ಸೂ ಜಾಸ್ತಿ.

ಆಮೇಲೆ ನೀವು ಬಂದಿರಿ. ಮಾಕುಟ್ಟ ಘಾಟಿ ಹತ್ತಿ ಬಂದ ಒಬ್ಬ ಮಲಯಾಳಿ ಪಾಸ್ಟರ್, ಹೆಂಡತಿ, ಒಂದು ಹಳೇ ಸ್ಕೂಟರ್. ನಮ್ಮ ಲೈನಿನ ಕೊನೆಯ ಮನೆಯಲ್ಲಿ ಬುಧವಾರ ಸಂಜೆ ಪ್ರಾರ್ಥನೆ ಶುರುವಾಯಿತು. ತಮಿಳು ಹಾಡು, ಮುರುಕು ಕನ್ನಡದಲ್ಲಿ ಪ್ರಸಂಗ, ಅಂದರೆ ಪ್ರವಚನ. ನಾವೆಲ್ಲ ನಕ್ಕೆವು. ಎರಡು ವರ್ಷ ಕಳೆಯುವುದರೊಳಗೆ ಆ ಸಾಲಿನ ಹನ್ನೊಂದು ಮನೆಗಳಲ್ಲಿ ಏಳು ಮನೆಯ "ಖರ್ಚಿಗೆ" ನಿಂತುಹೋಯಿತು. ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಬರೆದದ್ದು ನನ್ನ ಕೈ, ಹಾಗಾಗಿ ನಂಬಲೇಬೇಕು. ಸೋಮವಾರ ಬೆಳಿಗ್ಗೆ ಹಾಜರಿಗೆ ಬರುವವರು ಹೆಚ್ಚಿದರು. ನಮ್ಮ ಸಾಹುಕಾರರಿಗೆ ಖುಷಿಯೋ ಖುಷಿ. ಪ್ರಾರ್ಥನಾ ಮನೆಗೆ ನಾಲ್ಕು ತಗಡು ಶೀಟು ಕೊಟ್ಟರು. ಭಕ್ತಿಯಿಂದ ಕೊಟ್ಟದ್ದಲ್ಲ, ಅದು ನಿಮಗೂ ಗೊತ್ತು.

ಇನ್ನೊಂದು ವಿಷಯ. ಆ ತಗಡಿನ ಕೆಳಗೆ ಒಂದೇ ಚಾಪೆಯಲ್ಲಿ ಯೆರವ ಬುಡಕಟ್ಟಿನ ಅಜ್ಜಿ, ತಮಿಳು ಆದಿದ್ರಾವಿಡರ ಹೆಂಗಸು, ಮಲಯಾಳಿ ಡ್ರೈವರನ ಹೆಂಡತಿ ಕೂತಿದ್ದನ್ನು ನಾನು ನೋಡಿದ್ದೇನೆ. ನಮ್ಮ ಊರಿನ ಮದುವೆ ಊಟದ ಪಂಕ್ತಿಯಲ್ಲಿ ಅದು ಆಗಿರಲಿಲ್ಲ. ಒಂದು ಮಳೆಗಾಲದ ಸಂಜೆ ಕಚೇರಿ ಜಗಲಿಯಲ್ಲಿ ಕೂತು ಪಾಸ್ಟರ್ ನನಗೆ ನಿಮ್ಮ ಚಳವಳಿಯ ಹುಟ್ಟಿನ ಕಥೆ ಹೇಳಿದರು. ವಿಲಿಯಂ ಸೀಮೋರ್ ಎಂಬ ಕರಿಯ ಪ್ರಚಾರಕ, ಗುಲಾಮರಾಗಿದ್ದವರ ಮಗ. ಬಿಳಿಯರ ಬೈಬಲ್ ತರಗತಿಯ ಒಳಗೆ ಕೂರಲು ಬಿಡದೆ ಹೊರಗಿನ ಓಣಿಯಲ್ಲಿ ಕೂರಿಸಿದ್ದರಂತೆ. ಅವನೇ 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಹಳೇ ಕಟ್ಟಡದಲ್ಲಿ ಕೂಟ ಶುರು ಮಾಡಿದ. ಕರಿಯರು ಬಿಳಿಯರು, ಗಂಡಸರು ಹೆಂಗಸರು ಒಟ್ಟಿಗೆ ಮೊಣಕಾಲೂರಿದರು. ಬಾಗಿಲ ಹೊರಗೆ ಕೂತು ಪಾಠ ಕೇಳಿದವನ ಕಥೆ ಲೈನ್‌ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆವತ್ತು ನಾನೂ ಒಂದು ಕಥೆ ಹೇಳಿದೆ. ಪಂಡಿತಾ ರಮಾಬಾಯಿಯದು. 1858ರಲ್ಲಿ ನಮ್ಮದೇ ಘಟ್ಟದ ಸಾಲಿನ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಆಶ್ರಮ. 1905ರಲ್ಲಿ, ಅಂದರೆ ಅಜೂಸಾ ಬೀದಿಗಿಂತ ಒಂದು ವರ್ಷ ಮೊದಲೇ, ಅಲ್ಲಿನ ಹೆಣ್ಣುಮಕ್ಕಳ ನಡುವೆ ಇಂಥದೇ ಉಜ್ಜೀವನ, ಅಂದರೆ ಭಕ್ತಿಯ ದೊಡ್ಡ ಎಚ್ಚರ, ಆಗಿತ್ತು. ಪಾಸ್ಟರ್‌ಗೆ ಇದು ಹೊಸದು. ಆಶ್ಚರ್ಯಪಟ್ಟರು. ರಮಾಬಾಯಿ ಬರೀ ಪ್ರಾರ್ಥನೆ ಮಾಡಿಸಿದವರಲ್ಲ. ಬರಗಾಲದಲ್ಲಿ ಅನಾಥರಾದ ಹುಡುಗಿಯರನ್ನು ಕರೆತಂದು ನೇಯ್ಗೆ ಕಲಿಸಿದರು, ಅಚ್ಚಿನ ಕೆಲಸ ಕಲಿಸಿದರು, ಕುರುಡರಿಗೆ ಓದು ಕಲಿಸಿದರು. ಪುಣೆಯಲ್ಲಿ ಪ್ಲೇಗ್ ಬಂದಾಗ, 1897ರಲ್ಲಿ, ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯನ್ನು ಪತ್ರಿಕೆಗೆ ಪತ್ರ ಬರೆದು ಪ್ರಶ್ನಿಸಿದರು. ಆಸ್ಪತ್ರೆಗೆ ಹೋಗಬೇಡಿ ಅನ್ನುವುದು ಬೇರೆ, ಆಸ್ಪತ್ರೆ ಸರಿಯಾಗಿರಲಿ ಅಂತ ಸರ್ಕಾರವನ್ನು ಹಿಡಿದು ಕೇಳುವುದು ಬೇರೆ.

ಈಗ ನಾನು ಹೇಳಬೇಕಾದ ಕಡೆಗೆ ಬರುತ್ತೇನೆ.

ನಮ್ಮ ಲೈನಿನಲ್ಲಿ ಒಬ್ಬನಿದ್ದ. ಹೆಸರು ಬೇಡ. ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಸಿಲ್ವರ್ ಮರಕ್ಕೆ ಏಣಿ ಕಟ್ಟಿ ಮೆಣಸು ಕುಯ್ಯುವಾಗ ಮೇಲಿನಿಂದ ಹಾಡು ಹೇಳುತ್ತಿದ್ದ. ಕುಡಿದರೆ ಮಾತ್ರ ಮನುಷ್ಯನಲ್ಲ. ಹೆಂಡತಿಯ ಕೈ ಮುರಿದಿದ್ದ. 2009ರ ಹೊತ್ತಿಗೆ ನಿಮ್ಮ ಸಭೆಗೆ ಹೋಗಲು ಶುರು ಮಾಡಿದ, ಹೊಳೆಯಲ್ಲಿ ದೀಕ್ಷಾಸ್ನಾನ ಆಯಿತು, ಕುಡಿತ ಬಿಟ್ಟ. ಮೂರು ವರ್ಷದಲ್ಲಿ ಅಡ್ವಾನ್ಸ್ ಪೂರ್ತಿ ತೀರಿಸಿದ. ತೀರಿದ ದಿನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಅಡ್ಡಗೆರೆ ಎಳೆದಾಗ, "ಇನ್ನೊಂದು ಗೆರೆ ಎಳೀರಿ ರೈಟರೇ, ದಪ್ಪ ಇರಲಿ" ಅಂದಿದ್ದ.

2013ರ ಮಳೆ ಮುಗಿಯುವ ಹೊತ್ತಿಗೆ ಅವನಿಗೆ ಕೆಮ್ಮು. ಕಫ ಪರೀಕ್ಷೆ ಮಾಡಿಸಿದರೆ ಟಿಬಿ. ಆಗ ಡಾಟ್ಸ್ ಪದ್ಧತಿ ಇತ್ತು. ರೋಗಿಯ ಹೆಸರು ಬರೆದ ಒಂದು ಪೆಟ್ಟಿಗೆ, ಅದರೊಳಗೆ ಆರು ತಿಂಗಳ ಪೂರ್ತಿ ಮಾತ್ರೆ. ಹೊಸ ರೋಗಿಗೆ ಕೆಂಪು ಪೆಟ್ಟಿಗೆ. ಊರಿನವರೇ ಯಾರಾದರೂ ಎದುರು ನಿಂತು ನುಂಗಿಸಬೇಕು. ಆ ಕೆಂಪು ಪೆಟ್ಟಿಗೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ಸಲ ಬಂದು ನನ್ನೆದುರೇ ನುಂಗಿದ. ಕೆಮ್ಮು ಇಳಿಯಿತು, ಮೈ ತುಂಬಿಕೊಂಡಿತು. ಆಮೇಲಿನ ನಾಲ್ಕು ತಿಂಗಳು ವಾರಕ್ಕೆ ಒಂದು ಸಲ ಬಂದರೆ ಸಾಕು. ಮೊದಲ ದಿನದ ಮಾತ್ರೆ ಕಚೇರಿಯಲ್ಲಿ, ಉಳಿದದ್ದು ಮನೆಯಲ್ಲಿ.

ಡಿಸೆಂಬರಿನಲ್ಲಿ ನಿಮ್ಮ ಇಡೀ ರಾತ್ರಿ ಪ್ರಾರ್ಥನೆ ನಡೆಯಿತು. ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಕೀಬೋರ್ಡ್, ಸ್ಪೀಕರ್, ಹತ್ತಿರದ ತೋಟಗಳಿಂದೆಲ್ಲ ಜನ. ಬೆಳಗಿನ ಜಾವ ಆ ಪ್ರಸಂಗಿ, ರೋಗ ಇರುವವರೆಲ್ಲ ಎದೆಯ ಮೇಲೆ ಕೈ ಇಡಿ, ಈಗಲೇ ಬಿಡುಗಡೆ ಆಯಿತು, ನಂಬುವವರು ಹಿಂದೆ ನೋಡಬೇಡಿ ಅಂದರಂತೆ. ಇವನು ಮುಂದೆ ಹೋಗಿ ಸಾಕ್ಷಿ ಹೇಳಿದ. ಮೈಕಿನಲ್ಲಿ ಹೇಳಿದ. ನೂರು ಜನ ಚಪ್ಪಾಳೆ ತಟ್ಟಿದ್ದಾರೆ, ಮಾರನೇ ದಿನ ಮಾತ್ರೆ ನುಂಗಿದರೆ ಏನರ್ಥ? ತಾನೇ ಸಾಕ್ಷಿ ಹೇಳಿದ್ದನ್ನು ತಾನೇ ಸುಳ್ಳು ಮಾಡಿದ ಹಾಗಲ್ಲವಾ?

ಅವನು ಮಾತ್ರೆಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಡ್ರಾಯರ್ ತೆರೆದಾಗೆಲ್ಲ ಆ ಪೆಟ್ಟಿಗೆ ಕಾಣುತ್ತಿತ್ತು. ಆದರೆ ಆಗ ರೋಬಸ್ಟಾ ಕೊಯ್ಲು. ದಿನಕ್ಕೆ ಇನ್ನೂರು ಚೀಲ ತೂಗಬೇಕು, ಕಣದಲ್ಲಿ ಕಾಫಿ ಹರವಬೇಕು, ಸಂಜೆ ಮೇಲೆ ಆನೆ ಬಂತು ಅಂತ ಫೋನು. ಅವನು ದಿನಾ ಕೆಲಸಕ್ಕೆ ಬರುತ್ತಿದ್ದ, ಗಟ್ಟಿಯಾಗಿಯೇ ಇದ್ದ. ಚೆಕ್‌ರೋಲ್‌ನಲ್ಲಿ ಹಾಜರಿ ಹಾಕಿದೆ, ಮಾತ್ರೆ ಕಾರ್ಡನ್ನು ಹಾಗೇ ಬಿಟ್ಟೆ. ಒಂದು ಸಲ ಕೇಳಿದ್ದೆ. "ಸ್ವಸ್ಥ ಆಯ್ತು ರೈಟರೇ" ಅಂದ. ಸರಿ ಅಂದೆ. ಅಷ್ಟೇ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಹೊತ್ತಿಗೆ ಕೆಮ್ಮು ವಾಪಸ್ ಬಂತು. ಈ ಸಲ ರಕ್ತ. ಅವನು ಯಾರಿಗೂ ಹೇಳಲಿಲ್ಲ. ಉಪವಾಸ ಮಾಡಿದ. ಕಾಯಿಲೆ ವಾಪಸ್ ಬಂದದ್ದು ತನ್ನ ನಂಬಿಕೆ ಕಡಿಮೆಯಾದ್ದರಿಂದ ಅಂತ ತಿಳಿದುಕೊಂಡಿದ್ದ. ಇದನ್ನು ಕೇಳಿದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂತು. ಆ ಪ್ರಸಂಗಿ ಅಷ್ಟರಲ್ಲಿ ಎಲ್ಲೋ ದೂರ ಇನ್ನೊಂದು ಕೂಟದಲ್ಲಿದ್ದರು. ಕೊನೆಗೆ ಅವನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ನಿಮ್ಮ ಸ್ಥಳೀಯ ಪಾಸ್ಟರೇ. ಸ್ಟ್ರೆಚರ್ ಎತ್ತಿದವರೂ ಅವರೇ. 2014ರ ಜುಲೈನಲ್ಲಿ ಅವನು ತೀರಿಕೊಂಡ. ಧಾರಾಕಾರ ಮಳೆ, ಗುಂಡಿ ತೋಡಿದರೆ ನೀರು ತುಂಬುತ್ತಿತ್ತು. ಪಾಸ್ಟರ್ ನಿಂತಲ್ಲೇ ಅತ್ತರು.

ತಿಂಗಳು ಕಳೆದ ಮೇಲೆ ಅವನ ಹೆಂಡತಿಗೆ ಪಿಎಫ್ ಕಾಗದ ಕೊಡಲು ಹೋಗಿದ್ದೆ. ಸಮಾಧಾನ ಹೇಳುವ ಭರದಲ್ಲಿ ನಿಮ್ಮ ಸಭೆಯನ್ನು ಬೈದೆ. ಆ ಹೆಂಗಸು ನನ್ನನ್ನು ನೆಟ್ಟಗೆ ನೋಡಿದಳು. "ಅಂಗಡಿ ಮುಂದಿನ ಚರಂಡಿಯಿಂದ ನನ್ನ ಗಂಡನ್ನ ಎತ್ತಿಕೊಂಡು ಬಂದದ್ದು ನೀವಾ ರೈಟರೇ, ಅವರಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಡಿತಕ್ಕೆ ಅಡ್ವಾನ್ಸ್ ಕೊಟ್ಟವನು ನಾನು.

ಹತ್ತು ವರ್ಷದ ಮೇಲಾಯಿತು. ಆ ಮಾತು ಇನ್ನೂ ಚುಚ್ಚುತ್ತದೆ. ಜಿಲ್ಲಾಡಳಿತವನ್ನು ಬಿಟ್ಟು ನಿಮಗೆ ಬರೆಯುತ್ತಿರುವುದೂ ಅದೇ ಕಾರಣಕ್ಕೆ. ಲೈನಿನಲ್ಲಿ ಡಾಕ್ಟರ ಮಾತಿಗೆ ತೂಕ ಇಲ್ಲ, ಆಶಾ ಕಾರ್ಯಕರ್ತೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ, ರೈಟರ್ ಅಂದರೆ ಸಾಹುಕಾರರ ಕಡೆಯವನು. ನಿಮ್ಮ ಮಾತು ಮಾತ್ರ ಒಳಗೆ ಇಳಿಯುತ್ತದೆ. ಆ ತೂಕವನ್ನು ನೀವು ದುಡಿದು ಸಂಪಾದಿಸಿದ್ದೀರಿ.

ಈ ಮಾತು ಹೇಳಿದರೆ ನೀವು ನಗುತ್ತೀರಿ. "ನಮಗೆ ಲೋಕದ ವಿಷಯ ಯಾಕೆ ರೈಟರೇ, ನಾವು ಸಣ್ಣವರು, ನಮ್ಮ ಪಾಡಿಗೆ ಪ್ರಾರ್ಥನೆ ಮಾಡಿಕೊಂಡಿದ್ದೇವೆ." ಇದು ವಿನಯವೋ ಜಾರಿಕೊಳ್ಳುವ ದಾರಿಯೋ ನನಗೆ ಹೇಳಲು ಕಷ್ಟ. ಬ್ರೆಜಿಲ್‌ನಲ್ಲಿ 1911ರಲ್ಲಿ ಇಬ್ಬರು ಸ್ವೀಡನ್ ದೇಶದವರು ಬೆಲೆಂ ಊರಿನಲ್ಲಿ ಶುರು ಮಾಡಿದ ಸಣ್ಣ ಕೂಟವೇ ಅಲ್ಲಿನ ಅಸೆಂಬ್ಲೀಸ್ ಆಫ್ ಗಾಡ್ ಆಯಿತು. ಇವತ್ತು ಆ ದೇಶದ ಅತಿ ದೊಡ್ಡ ಪೆಂತೆಕೋಸ್ತು ಪಂಗಡ ಅದು. 2022ರ ಜನಗಣತಿಯಲ್ಲಿ ಅಲ್ಲಿ ನೂರಕ್ಕೆ ಸುಮಾರು 27 ಮಂದಿ ಇವಾಂಜೆಲಿಕಲ್, ಅಂದರೆ ಪ್ರೊಟೆಸ್ಟೆಂಟ್ ಕಡೆಯ ಕ್ರೈಸ್ತರು, ಅಂತ ಬರೆಸಿದ್ದಾರೆ, ಅದರಲ್ಲಿ ದೊಡ್ಡ ಪಾಲು ನಿಮ್ಮ ಥರದವರು. ಅವರ ಓಟು ಯಾರಿಗೆ ಅಂತ ಅಧ್ಯಕ್ಷರ ಚುನಾವಣೆಗೆ ನಿಂತವರೆಲ್ಲ ಲೆಕ್ಕ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ 2018ರಿಂದ 2022ರವರೆಗೆ ಪ್ರಧಾನಿಯಾಗಿದ್ದ ಸ್ಕಾಟ್ ಮಾರಿಸನ್ ಪೆಂತೆಕೋಸ್ತು ಸಭೆಯವರು. ಕೊರಿಯಾದ ಸೋಲ್ ನಗರದಲ್ಲಿ 1958ರಲ್ಲಿ ಒಂದು ಡೇರೆಯಲ್ಲಿ ಹುಟ್ಟಿದ ಸಭೆ ಲಕ್ಷಗಟ್ಟಲೆ ಜನರದ್ದಾಯಿತು. ಮನೆಮನೆಯ ಸಣ್ಣ ಗುಂಪುಗಳನ್ನು ಹೆಂಗಸರ ಕೈಗೆ ಕೊಟ್ಟದ್ದು ಅದರ ಗುಟ್ಟು. ಅದೇ ಸಭೆಯ ಸ್ಥಾಪಕ ಪಾಸ್ಟರ್ ಡೇವಿಡ್ ಯೋಂಗಿ ಚೋ ಅವರಿಗೆ 2014ರಲ್ಲಿ ಸಭೆಯ ಹಣದ ವಿಷಯದಲ್ಲಿ ಶಿಕ್ಷೆಯೂ ಆಯಿತು. ಚಾಪೆ ಹಾಸಿ ಶುರು ಮಾಡಿದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಹೇಳಿದೆ. ದಿನಗೂಲಿಯಲ್ಲಿ ಹತ್ತರಲ್ಲೊಂದು ಪಾಲು ದಶಮಾಂಶ ಕೊಡುವ ಹೆಂಗಸಿನ ಸಂಬಳ ಎಷ್ಟು ಅಂತ ಬರೆದವನು ನಾನು, ಹಾಗಾಗಿ ವರ್ಷಕ್ಕೊಮ್ಮೆ ಸಭೆಯ ಲೆಕ್ಕವನ್ನು ಗೋಡೆಗೆ ಅಂಟಿಸಿ ಅಂತ ಕೇಳುವ ಆಸೆಯೂ ಇದೆ. ಇರಲಿ, ಅದು ಇವತ್ತಿನ ವಿಷಯ ಅಲ್ಲ.

ದೂರ ಯಾಕೆ, ನಮ್ಮೂರನ್ನೇ ನೋಡಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರದ್ದು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕೆಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ. 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದವರು ಅವರೇ. ಅಮ್ಮತ್ತಿ ಸೀಮೆಯಲ್ಲಿ ಆನಂದಪುರ ಅಂತ ಊರು ಮಾಡಿ, ಜೀತದಲ್ಲಿದ್ದ ಹೊಲೆಯರ ಕುಟುಂಬಗಳನ್ನು ಕೂರಿಸಿ ಬೇಸಾಯಕ್ಕೆ ಹಚ್ಚಿದರು. ನಿಮಗಿಂತ ಮೊದಲು ಬಂದವರು ಶಾಲೆ ಕಟ್ಟಿದರು, ಔಷಧ ಕೊಟ್ಟರು. ನಿಮ್ಮ ಹತ್ತಿರ ಅಷ್ಟು ದುಡ್ಡಿಲ್ಲ, ಒಪ್ಪುತ್ತೇನೆ. ಆದರೆ ಅವರು ಮಾಡದ್ದನ್ನು ನೀವು ಮಾಡಿದ್ದೀರಿ. ಲೈನಿನ ಹೆಂಗಸಿನ ಕೈಗೆ ಮೈಕು ಕೊಟ್ಟಿರಿ. ಗಂಡನೆದುರೇ ಬಾಯಿ ಬಿಡದವಳು ನಲವತ್ತು ಜನರ ಮುಂದೆ ನಿಂತು ತನ್ನ ಬದುಕಿನ ಕಥೆ ಹೇಳಲು ಕಲಿತಳು. ಬೈಬಲ್ ಓದಬೇಕು ಅಂತ ಮಗಳ ಹತ್ತಿರ ಅಕ್ಷರ ಕಲಿತವಳು ಆಮೇಲೆ ಬಟವಾಡೆ ಚೀಟಿ ಓದಿದಳು, ಲೆಕ್ಕ ತಪ್ಪಿದ್ದನ್ನು ನನಗೇ ತೋರಿಸಿದಳು. ಮೊದಲು ಹೇಳಿದ ಆ ವಿಧವೆ ಗ್ರಾಮಸಭೆಯಲ್ಲಿ ಎದ್ದು ನಿಂತು ಲೈನಿಗೆ ನೀರಿನ ಪೈಪು ಯಾಕೆ ಬಂದಿಲ್ಲ ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ. ಸಾಕ್ಷಿ ಹೇಳುವ ಧಾಟಿಯೇ! ಕೊನೆಗೆ "ಆಮೆನ್" ಅಂದುಬಿಟ್ಟಳು, ಪಿಡಿಒ ಸೇರಿ ಎಲ್ಲರೂ ನಕ್ಕರು. ಪೈಪು ಬಂತು.

ಹಾಡಿಗಳ, ಅಂದರೆ ಬುಡಕಟ್ಟಿನವರ ಕೇರಿಗಳ, ವಿಷಯಕ್ಕೆ ಬಂದರೆ ನಮ್ಮ ಕಡೆಯ ಕೆಲವರು ಸಂಸ್ಕೃತಿ ಹಾಳಾಯಿತು ಅಂತ ನಿಮ್ಮ ಮೇಲೆ ಹರಿಹಾಯುತ್ತಾರೆ. ಹಾಗೆ ಅಳುವವರಲ್ಲಿ ಹಾಡಿಗೆ ಒಂದು ಬಿಂದಿಗೆ ನೀರು ತಂದುಕೊಟ್ಟವರು ಕಡಿಮೆ. ಆದರೂ ಒಂದು ಮಾತು. ದೇವರಪುರದ ಕುಂಡೆ ಹಬ್ಬಕ್ಕೆ ಮೇ ತಿಂಗಳಲ್ಲಿ ವೇಷ ಹಾಕಿ ಹೋಗುತ್ತಿದ್ದ ಯೆರವರ ಮುದುಕನೊಬ್ಬ, ಮೊಮ್ಮಗ ತನ್ನ ದುಡಿ ವಾದ್ಯವನ್ನು ಸೈತಾನನದ್ದು ಅಂದ ಅಂತ ಹೇಳಿಕೊಂಡು ಅತ್ತ. ಅದೇ ಮೊಮ್ಮಗ ನಿಮ್ಮ ಸಭೆಯಲ್ಲಿ ಡ್ರಮ್ ಪ್ಯಾಡ್ ಬಾರಿಸುತ್ತಾನೆ, ಚೆನ್ನಾಗಿಯೇ ಬಾರಿಸುತ್ತಾನೆ. ಆ ಕೈಗೆ ತಾಳ ಬಂದದ್ದು ಎಲ್ಲಿಂದ ಅಂತ ಅವನಿಗೆ ಒಂದು ಸಲ ಹೇಳಿ.

ಇನ್ನು ಕಾಗದಪತ್ರದ ಸಂಗತಿ. ಲೈನಿನಲ್ಲಿ ಎಷ್ಟೋ ಮಂದಿ ಭಾನುವಾರ ನಿಮ್ಮವರು, ಅರ್ಜಿಯಲ್ಲಿ ಹಿಂದೂ. ಇದಕ್ಕೆ ಅವರನ್ನು ಸುಳ್ಳರು ಅನ್ನುವವರು 1950ರ ರಾಷ್ಟ್ರಪತಿ ಆದೇಶವನ್ನು ಓದಲಿ. ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಮೀಸಲಾತಿ ಹೋಗುತ್ತದೆ. ಪರಿಶಿಷ್ಟ ಪಂಗಡದ ಯೆರವನಿಗೆ, ಜೇನುಕುರುಬನಿಗೆ ಆ ತೊಂದರೆ ಇಲ್ಲ. ಒಂದೇ ಚಾಪೆಯಲ್ಲಿ ಕೂತವರಿಗೆ ಎರಡು ಕಾನೂನು. ಮಗನ ಹಾಸ್ಟೆಲ್ ಅರ್ಜಿ ತುಂಬಿಸಲು ಬಂದ ತಂದೆಯೊಬ್ಬ "ಧರ್ಮ" ಅನ್ನುವ ಜಾಗ ಬಂದಾಗ ಸುಮ್ನೆ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನೂ ಕೇಳದೆ ಬರೆದೆ.

ನಿಮ್ಮ ಭಯವೂ ನನಗೆ ಗೊತ್ತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ನಮ್ಮ ಪಾಸ್ಟರ್ ಎರಡು ವಾರ ಸ್ಕೂಟರ್ ಹೊರಗೆ ತೆಗೆಯಲಿಲ್ಲ. 2022ರಲ್ಲಿ ಮತಾಂತರದ ಕಾಯ್ದೆ ಬಂತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತಾಯಿತು. 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡಲು ಸಂಪುಟ ತೀರ್ಮಾನ ಮಾಡಿತು. ಇಂಥ ಹೊತ್ತಿನಲ್ಲಿ ಒಬ್ಬ ಹೊರಗಿನವನು ನಿಮ್ಮ ತಪ್ಪನ್ನು ಬೀದಿಗೆ ತಂದರೆ ಯಾರ ಕೈಗೆ ಕಲ್ಲು ಸಿಗುತ್ತದೆ ಅನ್ನುವ ಯೋಚನೆ ನನಗೂ ಬಂದಿತ್ತು. ಅದಕ್ಕೇ ಇಷ್ಟು ವರ್ಷ ಬರೆಯಲಿಲ್ಲ. ಕಲ್ಲು ಹುಡುಕುತ್ತಾ ಈ ಪತ್ರ ಓದುತ್ತಿರುವವರು ಇದ್ದರೆ ಅವರಿಗೆ ಹೇಳುತ್ತೇನೆ: ಆ ಏಳು ಮನೆಗಳ ಕುಡಿತ ಬಿಡಿಸಲು ನೀವು ಎಷ್ಟು ಬುಧವಾರ ಬಂದಿದ್ದಿರಿ?

ಪಾಸ್ಟರೇ, ನಾನು ಬೈಬಲ್ ಪಂಡಿತನಲ್ಲ. ನಿವೃತ್ತಿ ಆದಮೇಲೆ ಹೊತ್ತು ಹೋಗದೆ ನೀವು ಕೊಟ್ಟಿದ್ದ ಕನ್ನಡ ಬೈಬಲನ್ನು ಮೊದಲಿಂದ ಓದಿದೆ. ಹಿಜ್ಕೀಯ ರಾಜನಿಗೆ ಸಾಯುವಂಥ ಕಾಯಿಲೆ. ಅವನು ಅತ್ತು ಪ್ರಾರ್ಥಿಸಿದ, ದೇವರು ಹದಿನೈದು ವರ್ಷ ಆಯಸ್ಸು ಕೊಟ್ಟ. ಅಷ್ಟಾದ ಮೇಲೂ ಪ್ರವಾದಿ ಯೆಶಾಯ ಏನು ಮಾಡಿಸಿದ? ಅಂಜೂರದ ಹಣ್ಣನ್ನು ಅರೆದು ಹುಣ್ಣಿಗೆ ಕಟ್ಟಿಸಿದ. ಪೌಲ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದ, ನಂಬಿಕೆ ಸಾಲದು ಅಂತ ಬರೆಯಲಿಲ್ಲ. ಲೂಕನನ್ನು ಪ್ರಿಯ ವೈದ್ಯ ಅಂತ ಕರೆದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತಾಯನ ಎಂಟನೇ ಅಧ್ಯಾಯ. ಯೇಸು ಕುಷ್ಠರೋಗಿಯನ್ನು ಮುಟ್ಟಿ ವಾಸಿ ಮಾಡುತ್ತಾನೆ. ಆಮೇಲೆ ಏನು ಹೇಳುತ್ತಾನೆ? ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು. ಯಾಜಕನಿಗೇ ಯಾಕೆ ಅಂತ ಯಾಜಕಕಾಂಡ 13 ತೆಗೆದು ನೋಡಿದೆ. ಮೈ ಪರೀಕ್ಷೆ ಮಾಡಿ, ಏಳು ದಿನ ಬೇರೆ ಇಟ್ಟು, ಮತ್ತೆ ನೋಡಿ, ಶುದ್ಧ ಆಯಿತೋ ಇಲ್ಲವೋ ಹೇಳುವವನು ಅವನು. ನಮ್ಮ ಕಾಲದ ಹೆಲ್ತ್ ಇನ್‌ಸ್ಪೆಕ್ಟರ್ ಇದ್ದ ಹಾಗೆ. ಸ್ವತಃ ಯೇಸು ವಾಸಿ ಮಾಡಿದವನೇ ಪರೀಕ್ಷೆಗೆ ಹೋಗಬೇಕಾಯಿತು. ಪರೀಕ್ಷೆಗೆ ಮೊದಲು ಸಾಕ್ಷಿ ಹೇಳಕೂಡದು ಅಂತಲೂ ಆಯಿತು. ಆ ಡಿಸೆಂಬರಿನ ಬೆಳಗಿನ ಜಾವ ನಡೆದದ್ದು ಇದಕ್ಕೆ ಪೂರಾ ಉಲ್ಟಾ.

ನಿಮ್ಮವರೇ ಕಟ್ಟಿದ ಆಸ್ಪತ್ರೆಯೂ ನಮ್ಮ ದೇಶದಲ್ಲಿದೆ. ಅಸೆಂಬ್ಲೀಸ್ ಆಫ್ ಗಾಡ್‌ನ ಮಿಶನರಿ ಮಾರ್ಕ್ ಬಂಟೇನ್ 1954ರಲ್ಲಿ ಕಲ್ಕತ್ತಾಕ್ಕೆ ಬಂದರು. ಹಸಿದವರಿಗೆ ಊಟ ಹಾಕಿದರು, 1977ರಲ್ಲಿ ದೊಡ್ಡ ಆಸ್ಪತ್ರೆ ತೆರೆದರು. ಆವೇಶದಲ್ಲಿ ಅನ್ಯಭಾಷೆಯಲ್ಲಿ, ಅಂದರೆ ತಾವೇ ಕಲಿಯದ ನುಡಿಯಲ್ಲಿ, ಪ್ರಾರ್ಥಿಸುವವರೇ ಆಸ್ಪತ್ರೆಯನ್ನೂ ಕಟ್ಟಿದರು. ಮದ್ದು ಮುಟ್ಟುವುದು ಅವಿಶ್ವಾಸ ಅನ್ನುವ ಪಂಗಡಗಳು ನಿಮ್ಮೊಳಗೆ ಹಿಂದಿನಿಂದಲೂ ಇವೆ, ಬಲ್ಲೆ. ತನ್ನ ಮಟ್ಟಿಗೆ ಅದನ್ನು ಪಾಲಿಸುವವರ ಜೊತೆ ನನ್ನ ವಾದ ಇಲ್ಲ. ಆದರೆ ಟಿಬಿ ಒಬ್ಬನ ಮೈಯಲ್ಲಿ ನಿಲ್ಲುವ ಕಾಯಿಲೆ ಅಲ್ಲ. ಹತ್ತಡಿ ಅಗಲದ ಲೈನ್‌ಮನೆ, ಕಿಟಕಿ ಸಣ್ಣದು, ಮಳೆಗಾಲದಲ್ಲಿ ಅದೂ ಮುಚ್ಚಿರುತ್ತದೆ, ಒಳಗೆ ಆರು ಜನ. ಅರ್ಧಕ್ಕೆ ಬಿಟ್ಟ ಮಾತ್ರೆಗೆ ರೋಗಾಣು ಗಟ್ಟಿಯಾಗುತ್ತದೆ. ಆಮೇಲೆ ಆ ಮಾತ್ರೆ ಅದಕ್ಕೆ ನಾಟುವುದೇ ಇಲ್ಲ. ಗಟ್ಟಿಯಾದದ್ದೇ ಮಕ್ಕಳಿಗೂ ಹೋಗುತ್ತದೆ. ಅವನ ಚಿಕ್ಕ ಮಗಳಿಗೂ ಟಿಬಿ ಬಂತು. ಅವಳು ಬದುಕಿಕೊಂಡಳು, ತಾಯಿ ಈ ಸಲ ಯಾರ ಮಾತೂ ಕೇಳಲಿಲ್ಲ. ಪ್ರಾರ್ಥನೆಯನ್ನೂ ಬಿಡಲಿಲ್ಲ, ಮಾತ್ರೆಯನ್ನೂ ಬಿಡಲಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಹೊರಗಿನ ಪ್ರಸಂಗಿ ಬಂದಾಗ ಮೈಕು ಕೊಡುವ ಮೊದಲು ಟೀ ಕುಡಿಸುತ್ತಾ ಹೇಳಿಬಿಡಿ: ನಮ್ಮ ಸಭೆಯಲ್ಲಿ ಟಿಬಿ ಮಾತ್ರೆ, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ತಿನ್ನುವವರಿದ್ದಾರೆ, ಅದನ್ನು ನಿಲ್ಲಿಸಿ ಅಂತ ಹೇಳಕೂಡದು. ಅವರು ಒಪ್ಪದಿದ್ದರೆ ಹಾಡು ಹಾಡಿಸಿ ಕಳಿಸಿ. ಭಾನುವಾರ ನೀವೇ ನಿಮ್ಮ ಬಾಯಿಂದ, ಪ್ರಸಂಗದ ನಡುವೆ, ಮಾತ್ರೆ ಬಿಡಬೇಡಿ ಅನ್ನಿ. ನಾನು ಹೇಳಿದರೆ ಅದು ತೋಟದ ನೋಟಿಸು. ಟಿಬಿ ರೋಗಿಗೆ ಸರ್ಕಾರ 2018ರಿಂದ ಪೋಷಣೆಗೆ ಅಂತ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1000 ಮಾಡಿದೆ. ಬ್ಯಾಂಕ್ ಖಾತೆ ಸರಿಯಿಲ್ಲದೆ ಅದು ಬಾರದವರು ನಿಮ್ಮ ಚಾಪೆಯ ಮೇಲೇ ಕೂತಿರುತ್ತಾರೆ. ನಿಮ್ಮ ಯುವಕರ ಸಂಘದ ಹುಡುಗರಿಗೆ ಮೊಬೈಲ್ ಗೊತ್ತು, ಆ ಕೆಲಸ ಅವರಿಗೆ ಹಚ್ಚಿ.

ಮತ್ತೆ ಸಾಕ್ಷಿ. ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದೇ ಇಲ್ಲ. ಕೋರ್ಸು ಮುಗಿದು, ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಚೀಟಿ ಬಂದ ಮೇಲೆ ಅವರನ್ನು ಮುಂದೆ ಕರೆಯಿರಿ. ಚೀಟಿ ಎತ್ತಿ ತೋರಿಸಿ ಸಾಕ್ಷಿ ಹೇಳಲಿ, ದೇವರು ವಾಸಿ ಮಾಡಿದ ಅಂತಲೇ ಹೇಳಲಿ. ನೀವು ಕರೆದರೆ ಆ ದಿನ ನಾನೂ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ.

ಇದನ್ನು ಈಗಲೇ ಬರೆಯಲು ಒಂದು ಕಾರಣ ಇದೆ. ನಮ್ಮ ಹಳೇ ಲೈನಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಮಾತ್ರೆಯ ಮೂರನೇ ತಿಂಗಳಲ್ಲಿದ್ದಾಳೆ. ಕೆಮ್ಮು ನಿಂತಿದೆ, ಮುಖಕ್ಕೆ ಕಳೆ ಬಂದಿದೆ. ನಿಮ್ಮ ಸಭೆಯ ಹಾಡಿನ ತಂಡದಲ್ಲಿ ಮುಂದೆ ನಿಲ್ಲುವವಳು ಅವಳೇ. ಈ ತಿಂಗಳ ಕೊನೆಯ ಶುಕ್ರವಾರ ಇಡೀ ರಾತ್ರಿ ಪ್ರಾರ್ಥನೆ ಅಂತ ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾನರ್ ನೋಡಿದೆ. ಹೊರಗಿನಿಂದ ಪ್ರಸಂಗಿ ಬರುತ್ತಾರಂತೆ.

ಇಂತಿ,
ನಿಮ್ಮ ಹಳೇ ರೈಟರ್
ಸಿದ್ದಾಪುರದ ಹತ್ತಿರ, ಕೊಡಗು